ಫಿಟ್ಸ್ ಎಲ್ಲಿಂದ ಶುರುವಾಗುತ್ತದೆ? ಒಂದೇ ಪ್ರಶ್ನೆಯ ಬೆನ್ನು ಹತ್ತಿದ ಹರ್ಬರ್ಟ್ ಜಾಸ್ಪರ್

ಮೊದಲು ಬಲಗೈ ಹೆಬ್ಬೆರಳು ಅದುರುತ್ತದೆ. ಆಮೇಲೆ ಉಳಿದ ಬೆರಳುಗಳು, ಮಣಿಕಟ್ಟು, ತೋಳು. ಸ್ವಲ್ಪ ಹೊತ್ತಿಗೆ ಬಾಯಿಯ ಬಲ ಅಂಚು ಸೊಟ್ಟಗಾಗುತ್ತದೆ. ಅಷ್ಟೂ ಹೊತ್ತು ಆ ಮನುಷ್ಯನಿಗೆ ಎಚ್ಚರ ಇರಬಹುದು. ತನ್ನ ಕೈ ತನ್ನ ಮಾತು ಕೇಳದೆ ಕುಣಿಯುವುದನ್ನು ಅವನು ನೋಡುತ್ತಾ ಕೂತಿರುತ್ತಾನೆ. ಫಿಟ್ಸ್ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ನೆಲಕ್ಕೆ ಬಿದ್ದು ಒದ್ದಾಡುವ ದೃಶ್ಯ, ಅಲ್ವಾ? ಆದರೆ ಒಂದು ಬೆರಳಿನಿಂದ ಶುರುವಾಗಿ ಅಲ್ಲೇ ಮುಗಿಯುವ ಫಿಟ್ಸ್ ಕೂಡ ಇದೆ.

ಹತ್ತೊಂಬತ್ತನೇ ಶತಮಾನದ ಲಂಡನ್‌ನಲ್ಲಿ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಎಂಬ ವೈದ್ಯರು ಈ ಕ್ರಮವನ್ನು ಗಮನವಿಟ್ಟು ನೋಡಿದರು. ಹೆಬ್ಬೆರಳು, ಕೈ, ತೋಳು, ಮುಖ. ಈ ಮೆರವಣಿಗೆ ಮನಸ್ಸಿಗೆ ಬಂದ ಹಾಗೆ ಸಾಗುವುದಿಲ್ಲ. ಹಾಗಾದರೆ ಮಿದುಳಿನಲ್ಲೂ ಹೆಬ್ಬೆರಳನ್ನು ಆಡಿಸುವ ಜಾಗದ ಪಕ್ಕದಲ್ಲೇ ಬೆರಳುಗಳ ಜಾಗ, ಅದರ ಆಚೀಚೆ ತೋಳಿನ ಜಾಗ, ಮುಖದ ಜಾಗ ಇರಬೇಕು, ಒಂದು ಕಡೆ ಹೊತ್ತಿಕೊಂಡ ಕಿಡಿ ಪಕ್ಕಕ್ಕೆ ಹರಡುತ್ತಿರಬೇಕು ಅಂತ ಅವರು ಲೆಕ್ಕ ಹಾಕಿದರು. ಮಿದುಳಿನ ಎಡಭಾಗ ದೇಹದ ಬಲಭಾಗವನ್ನು ನಡೆಸುತ್ತದೆ. ಅಂದರೆ ಬಲ ಹೆಬ್ಬೆರಳು ಅದುರಿದರೆ ತೊಂದರೆ ಇರುವುದು ಎಡಗಡೆ. ಫಿಟ್ಸ್ ಅಂದರೆ ಮಿದುಳಿನ ಬೂದು ಭಾಗದಲ್ಲಿ ಒಮ್ಮೆಲೇ, ಅತಿಯಾಗಿ, ಒಂದು ಕಡೆ ಆಗುವ ಸಿಡಿತ ಅಂತ 1873ರಲ್ಲೇ ಅವರು ಬರೆದರು. ಅವರ ಕೈಯಲ್ಲಿ ಯಾವ ಯಂತ್ರವೂ ಇರಲಿಲ್ಲ. ರೋಗಿಯ ಮಾತು ಮತ್ತು ತಮ್ಮ ಕಣ್ಣು, ಇಷ್ಟೇ.

ಹೆಬ್ಬೆರಳು ಹೀಗೆ ಸುಳಿವು ಕೊಟ್ಟರೆ ಸರಿ. ಕೊಡದಿದ್ದರೆ? ಎಷ್ಟೋ ಜನರಿಗೆ ಫಿಟ್ಸ್ ಬಂದಾಗ ನೋಟ ನಿಂತುಬಿಡುತ್ತದೆ, ತುಟಿ ಚಪ್ಪರಿಸುತ್ತಾರೆ, ಅಂಗಿಯ ಗುಂಡಿಯನ್ನು ತಡಕಾಡುತ್ತಾರೆ, ಎರಡು ನಿಮಿಷದ ಮೇಲೆ ಸರಿಹೋಗುತ್ತಾರೆ, ನಡುವೆ ಏನಾಯಿತು ಅಂತ ಅವರಿಗೆ ಗೊತ್ತೇ ಇರುವುದಿಲ್ಲ. ಇವರ ಮಿದುಳಿನಲ್ಲಿ ಕಿಡಿ ಹೊತ್ತಿದ್ದು ಎಲ್ಲಿ? ಈ ಪ್ರಶ್ನೆಯನ್ನೇ ಬೆನ್ನು ಹತ್ತಿ ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನು ಕಳೆದವರು ಹರ್ಬರ್ಟ್ ಜಾಸ್ಪರ್. ಅವರ ಜೊತೆಗಿದ್ದ ಮಿದುಳಿನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ ಹೆಸರು ಜಾಸ್ತಿ ಜನಕ್ಕೆ ಗೊತ್ತು. ನನಗೆ ಮಾತ್ರ ಜಾಸ್ಪರ್ ದಾರಿಯೇ ಹೆಚ್ಚು ಇಷ್ಟ. ಅವರಿಗೆ ಸಿಕ್ಕ ಉತ್ತರ ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತಾ ಹೋಗುತ್ತದೆ: ಮೊದಲು ತಲೆಯ ಚರ್ಮದ ಮೇಲೆ, ಆಮೇಲೆ ಮಿದುಳಿನ ಮೇಲ್ಪದರದಲ್ಲಿ, ಆಮೇಲೆ ಮಿದುಳಿನ ನಡುಮಧ್ಯದಲ್ಲಿ, ಕೊನೆಗೆ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ.

ಜಾಸ್ಪರ್ ಹುಟ್ಟಿದ್ದು 1906ರಲ್ಲಿ, ಅಮೆರಿಕದ ಆರೆಗನ್ ರಾಜ್ಯದ ಲಾ ಗ್ರಾಂಡ್ ಎಂಬ ಊರಿನಲ್ಲಿ. ಓದಿದ್ದು ಮನಃಶಾಸ್ತ್ರ. 1931ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಪಿಎಚ್‌ಡಿ ಪಡೆದರು. ಅಲ್ಲಿ ತೊದಲುವಿಕೆಗೂ ಮಿದುಳಿನ ಎಡ-ಬಲಕ್ಕೂ ಏನು ಸಂಬಂಧ ಅಂತ ಹುಡುಕುವ ಗುಂಪು ಇತ್ತು. ಆಮೇಲೆ ಪ್ಯಾರಿಸ್‌ಗೆ ಹೋಗಿ ನರಗಳ ವಿದ್ಯುತ್ ಬಗ್ಗೆ ಇನ್ನೊಂದು ಡಾಕ್ಟರೇಟ್ ಮಾಡಿದರು. ವೈದ್ಯಕೀಯ ಪದವಿ ಬಂದಿದ್ದು 1943ರಲ್ಲಿ, ಅದೂ ಮಿದುಳಿನ ಸಂಶೋಧಕರಾಗಿ ಹೆಸರಾದ ಮೇಲೆ.

ಅವರ ಕೆಲಸ ಅರ್ಥವಾಗಬೇಕಾದರೆ ಫಿಟ್ಸ್ ಅಂದರೆ ಒಳಗೆ ಏನು ನಡೆಯುತ್ತದೆ ಅಂತ ಸ್ವಲ್ಪ ನೋಡಬೇಕು. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದೂ ತನಗೆ ಬರುವ ಸಂದೇಶಗಳನ್ನು ಕೂಡಿಸಿ ಕಳೆದು, ಸಾಕಷ್ಟು ಆಯಿತು ಅನ್ನಿಸಿದಾಗ ಒಂದು ಸಣ್ಣ ವಿದ್ಯುತ್ ಮಿಡಿತ ಕಳಿಸುತ್ತದೆ. ಕೆಲವು ಸಂದೇಶಗಳು ‘ಕಳಿಸು’ ಅನ್ನುತ್ತವೆ, ಕೆಲವು ‘ತಡಿ’ ಅನ್ನುತ್ತವೆ. ಈ ಎರಡರ ತೂಕ ಸರಿಯಾಗಿದ್ದರೆ ಕೋಶಗಳು ತಮ್ಮ ತಮ್ಮ ಹೊತ್ತಿಗೆ ಮಿಡಿಯುತ್ತವೆ. ತೂಗುಸೇತುವೆ ಮೇಲೆ ನೂರಾರು ಜನ ನಡೆಯುತ್ತಿದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರ ಹೆಜ್ಜೆ ಒಂದೊಂದು ತರ. ಸೇತುವೆ ಸುಮ್ಮನಿರುತ್ತದೆ. ಅದೇ ಜನ, ಅದೇ ತೂಕ, ಆದರೆ ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ? ಸೇತುವೆ ಓಲಾಡತೊಡಗುತ್ತದೆ. ಫಿಟ್ಸ್‌ನಲ್ಲಿ ಆಗುವುದು ಇದೇ. ‘ತಡಿ’ ಅನ್ನುವ ದನಿ ಸೋತು, ಒಂದು ಗುಂಪು ಕೋಶಗಳು ಒಟ್ಟಿಗೆ ಮಿಡಿಯತೊಡಗುತ್ತವೆ, ಪಕ್ಕದವುಗಳನ್ನೂ ಎಳೆದುಕೊಳ್ಳುತ್ತವೆ.

ಈ ಒಟ್ಟಾಗುವಿಕೆಯೇ ಜಾಸ್ಪರ್‌ಗೆ ಬಾಗಿಲು ತೆರೆಯಿತು. ಒಂದು ನರಕೋಶದ ಮಿಡಿತ ಎಷ್ಟು ಸಣ್ಣದು ಅಂದರೆ ತಲೆಬುರುಡೆ ದಾಟಿ ಹೊರಗೆ ತಿಳಿಯುವ ಮಾತೇ ಇಲ್ಲ. ದೊಡ್ಡ ದೊಡ್ಡ ಗುಂಪುಗಳು ಒಟ್ಟಿಗೆ ಏರಿಳಿದಾಗ ಮಾತ್ರ ಚರ್ಮದ ಮೇಲೆ ಅಂಟಿಸಿದ ಲೋಹದ ಬಿಲ್ಲೆಗೆ ಏನೋ ಸಿಗುತ್ತದೆ. ಆಗಲೂ ಸಿಗುವುದು ಒಂದು ವೋಲ್ಟಿನ ಹತ್ತು ಲಕ್ಷದ ಐವತ್ತು ಭಾಗದಷ್ಟು. ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ ಇದೆಯಲ್ಲ, ಅದಕ್ಕಿಂತ ಮೂವತ್ತು ಸಾವಿರ ಪಟ್ಟು ಕಡಿಮೆ. ಇದನ್ನು ಮನುಷ್ಯರ ತಲೆಯಿಂದ ಮೊದಲು ಹಿಡಿದವರು ಜರ್ಮನಿಯ ಯೇನಾದ ಹಾನ್ಸ್ ಬರ್ಗರ್. ಹಿಡಿದಿದ್ದು 1924ರಲ್ಲಿ, ಪ್ರಕಟಿಸಿದ್ದು 1929ರಲ್ಲಿ. ತುಂಬಾ ಜನ ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನಲ್ಲಿ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ಅದನ್ನೇ ಮಾಡಿ ತೋರಿಸಿದ ಮೇಲೆ ಗಾಳಿ ಬದಲಾಯಿತು. ಮರುವರ್ಷ, ಅಂದರೆ 1935ರಲ್ಲಿ, ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದ ಜಾಸ್ಪರ್ ಮತ್ತು ಲಿಯೊನಾರ್ಡ್ ಕಾರ್ಮೈಕಲ್ ಅಮೆರಿಕದ ಮೊಟ್ಟಮೊದಲ ಇಇಜಿ (ತಲೆಯ ಮೇಲಿಂದ ಹಿಡಿದ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ವರದಿಗಳಲ್ಲಿ ಒಂದನ್ನು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಇಇಜಿ ಕಾಗದ ನೋಡಿದವರಿಗೆ ಅದೊಂದು ಗೀಚುಗೆರೆಗಳ ರಾಶಿ ಅನ್ನಿಸುತ್ತದೆ. ಓದಲು ಕಲಿತವರಿಗೆ ಅದು ಹಾಗಲ್ಲ. ಕಣ್ಣು ಮುಚ್ಚಿ ಆರಾಮಾಗಿ ಕೂತರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ ಬರುತ್ತದೆ. ಕಣ್ಣು ತೆರೆದ ತಕ್ಷಣ ಆ ಅಲೆ ಅಳಿಸಿಹೋದ ಹಾಗೆ ಚಪ್ಪಟೆಯಾಗುತ್ತದೆ. ಮೂರ್ಛೆ ರೋಗ ಇರುವವರಲ್ಲಿ ಈ ಅಲೆಗಳ ನಡುವೆ ಆಗಾಗ ಒಂದು ಚೂಪು ಮೊನೆ ಚಿಮ್ಮುತ್ತದೆ. ಅದನ್ನು ಸ್ಪೈಕ್ ಅನ್ನುತ್ತಾರೆ. ಆ ಹೊತ್ತಿಗೆ ರೋಗಿಗೆ ಏನೂ ಅನ್ನಿಸುವುದಿಲ್ಲ, ಕೈ ಅದುರುವುದಿಲ್ಲ, ಮಾತು ನಿಲ್ಲುವುದಿಲ್ಲ. ಫಿಟ್ಸ್ ಬರುವ ತನಕ ಕಾಯದೆಯೇ ತೊಂದರೆಯ ಜಾಗದ ಗುರುತು ಸಿಗುತ್ತದೆ ಅನ್ನುವುದು ಆ ಕಾಲಕ್ಕೆ ಎಷ್ಟು ದೊಡ್ಡ ಸಂಗತಿ ಅಂತ ಸ್ವಲ್ಪ ಯೋಚಿಸಿ.

ಜಾಗ ಹೇಗೆ ತಿಳಿಯುತ್ತದೆ ಅಂತ ಹತ್ತಿರದಿಂದ ನೋಡೋಣ. ತಲೆಯ ಮೇಲೆ ಸಾಲಾಗಿ ಮೂರು ಬಿಲ್ಲೆಗಳು ಇವೆ: ಒಂದು, ಎರಡು, ಮೂರು. ಯಂತ್ರದ ಮೊದಲ ಪೆನ್ನು ಒಂದು ಮತ್ತು ಎರಡರ ನಡುವಿನ ವ್ಯತ್ಯಾಸ ಬರೆಯುತ್ತದೆ. ಅದರ ಕೆಳಗಿನ ಪೆನ್ನು ಎರಡು ಮತ್ತು ಮೂರರ ನಡುವಿನ ವ್ಯತ್ಯಾಸ ಬರೆಯುತ್ತದೆ. ಸ್ಪೈಕ್ ಹುಟ್ಟಿದ್ದು ಎರಡನೇ ಬಿಲ್ಲೆಯ ಕೆಳಗೆ ಅಂದುಕೊಳ್ಳಿ. ಎರಡನೇ ಬಿಲ್ಲೆ ಮೊದಲ ಪೆನ್ನಿಗೆ ಕೊನೆಯ ತುದಿ, ಎರಡನೇ ಪೆನ್ನಿಗೆ ಮೊದಲ ತುದಿ. ಹಾಗಾಗಿ ಮೇಲಿನ ಪೆನ್ನು ಕೆಳಕ್ಕೆ ಎಗರುತ್ತದೆ, ಕೆಳಗಿನ ಪೆನ್ನು ಮೇಲಕ್ಕೆ ಎಗರುತ್ತದೆ. ಕಾಗದದ ಮೇಲೆ ಎರಡು ಮೊನೆಗಳು ಒಂದಕ್ಕೊಂದು ಎದುರುಬದುರು ನಿಲ್ಲುತ್ತವೆ. ಎರಡು ಗೆರೆಗೂ ಸೇರಿದ ಬಿಲ್ಲೆ ಯಾವುದೋ ಅದರ ಸುತ್ತಮುತ್ತಲೇ ಕಿಡಿ ಇದೆ. ಪೆನ್ನು ಹೋಗಿ ಕಂಪ್ಯೂಟರ್ ಪರದೆ ಬಂದರೂ ವೈದ್ಯರು ಇವತ್ತಿಗೂ ಇದೇ ತರ ನೋಡುತ್ತಾರೆ.

ಇದೇ ಭರವಸೆಯ ಮೇಲೆ ಜಾಸ್ಪರ್ 1930ರ ದಶಕದಲ್ಲಿ ಪೆನ್‌ಫೀಲ್ಡ್‌ಗೆ ಹೇಳಿದ್ದು: ಫಿಟ್ಸ್ ಹುಟ್ಟುವ ಜಾಗವನ್ನು ಹೊರಗಿನಿಂದಲೇ ಗುರುತಿಸಬಹುದು. ಪೆನ್‌ಫೀಲ್ಡ್ ಆಗ ಕೆನಡಾದ ಮಾಂಟ್ರಿಯಲ್‌ನಲ್ಲಿ, 1934ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹಣದಿಂದ ಶುರುವಾದ ಮಾಂಟ್ರಿಯಲ್ ನ್ಯೂರೋಲಾಜಿಕಲ್ ಇನ್‌ಸ್ಟಿಟ್ಯೂಟ್‌ನ ಮುಖ್ಯಸ್ಥರು. ಅವರು ನಂಬುತ್ತಿದ್ದುದು ಕಣ್ಣಿಗೆ ಕಾಣುವ ಗಾಯದ ಕಲೆಯನ್ನು, ಎಕ್ಸ್‌ರೇಯನ್ನು. ಅಂಟಿಸಿದ ಬಿಲ್ಲೆಯ ಮಾತನ್ನು ಸುಲಭಕ್ಕೆ ಒಪ್ಪಲಿಲ್ಲ. ಪರೀಕ್ಷೆ ಮಾಡಿ ನೋಡಿದರು. ಇಇಜಿ ತೋರಿಸಿದ ಜಾಗ ಸರಿಯಾಗಿತ್ತು. ಆಮೇಲೆ ಜಾಸ್ಪರ್ ಬ್ರೌನ್ ವಿಶ್ವವಿದ್ಯಾಲಯ ಇರುವ ಪ್ರಾವಿಡೆನ್ಸ್ ನಗರದಿಂದ ಮಾಂಟ್ರಿಯಲ್‌ಗೆ ಓಡಾಡತೊಡಗಿದರು, 1938ರಲ್ಲಿ ಅಲ್ಲಿಗೇ ಹೋಗಿ ನೆಲೆಸಿದರು.

ಆ ಆಪರೇಷನ್‌ಗಳು ನಡೆಯುತ್ತಿದ್ದ ರೀತಿ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ರೋಗಿಗೆ ಎಚ್ಚರ ಇರುತ್ತಿತ್ತು. ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಔಷಧಿ. ಮಿದುಳಿಗೆ ತನ್ನದೇ ಆದ ನೋವಿನ ನರಗಳಿಲ್ಲ, ಹಾಗಾಗಿ ಅದನ್ನು ಮುಟ್ಟಿದರೆ ನೋವಾಗುವುದಿಲ್ಲ. ಪೆನ್‌ಫೀಲ್ಡ್ ಸಣ್ಣ ವಿದ್ಯುತ್ ತಂತಿಯಿಂದ ಒಂದೊಂದೇ ಜಾಗ ಮುಟ್ಟುತ್ತಿದ್ದರು. ಕೈ ಅಲುಗಿದರೆ, ನಾಲಿಗೆಯಲ್ಲಿ ಜುಮ್ ಅಂದರೆ, ಮಾತು ನಿಂತರೆ, ಆ ಜಾಗದ ಮೇಲೆ ಅಂಕಿ ಬರೆದ ಪುಟ್ಟ ಕಾಗದದ ಚೂರು ಇಡುತ್ತಿದ್ದರು. ಇದೇ ಹೊತ್ತಿಗೆ ತೆರೆದ ಮಿದುಳಿನ ಮೇಲೇ ಬಿಲ್ಲೆ ಇಟ್ಟು ಅದರ ಅಲೆಗಳನ್ನು ದಾಖಲಿಸುವುದು ಜಾಸ್ಪರ್ ಕೆಲಸ. ಬುರುಡೆ, ಚರ್ಮ ಅಡ್ಡ ಇಲ್ಲದ್ದರಿಂದ ಸ್ಪೈಕ್ ಸ್ಪಷ್ಟವಾಗಿ, ಎತ್ತರವಾಗಿ ಕಾಣುತ್ತದೆ. ಕಾಯಿಲೆಯ ಭಾಗ ತೆಗೆದ ಮೇಲೆ ಉಳಿದ ಅಂಚಿನಲ್ಲಿ ಮತ್ತೆ ದಾಖಲೆ. ಇನ್ನೂ ಸ್ಪೈಕ್ ಇದೆಯಾ? ಇನ್ನೂ ಸ್ವಲ್ಪ ತೆಗೆಯಬೇಕಾ, ಇಲ್ಲೇ ನಿಲ್ಲಿಸಬೇಕಾ?

ತುಟಿ ಚಪ್ಪರಿಸುವ, ಗುಂಡಿ ತಡಕಾಡುವ ರೋಗಿಗಳ ವಿಷಯಕ್ಕೆ ಬರೋಣ. 1941ರಲ್ಲಿ ಜಾಸ್ಪರ್ ಮತ್ತು ಜಾನ್ ಕರ್ಶ್‌ಮನ್ ಮೂರ್ಛೆ ರೋಗದ ಬಗೆಗಳನ್ನು ಇಇಜಿ ನೋಡಿ ವಿಂಗಡಿಸಿದರು. ಇಂಥ ರೋಗಿಗಳಲ್ಲಿ ಸ್ಪೈಕ್ ಮತ್ತೆ ಮತ್ತೆ ಬರುತ್ತಿದ್ದುದು ಕಿವಿಯ ಒಳಬದಿಗಿರುವ ಟೆಂಪೊರಲ್ ಲೋಬ್‌ನಿಂದ. ಬುರುಡೆ ತೆರೆದರೆ ಎಷ್ಟೋ ಸಲ ಆ ಭಾಗ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಗಾಯ ಇಲ್ಲ, ಗಡ್ಡೆ ಇಲ್ಲ. ಕಾಗದದ ಮೇಲಿನ ಶಾಯಿಯ ಗೆರೆಯನ್ನು ನಂಬಿ ಚಾಕು ಹಾಕಬೇಕಿತ್ತು. ಆ ಧೈರ್ಯವನ್ನು ಪೆನ್‌ಫೀಲ್ಡ್ ಹೆಸರಿಗೆ ಬರೆಯುವವರೇ ಜಾಸ್ತಿ, ಗೆರೆ ಓದಿದವರ ಮೇಲೂ ಅಷ್ಟೇ ಭಾರ ಇತ್ತು ಅಂತ ನನಗೆ ಅನ್ನಿಸುತ್ತದೆ. ಓದಿದ್ದು ತಪ್ಪಾದರೆ ಒಬ್ಬರ ಚೆನ್ನಾಗಿರುವ ಮಿದುಳು ಹೋಗುತ್ತದೆ. 1954ರಲ್ಲಿ ಇಬ್ಬರೂ ಸೇರಿ ಈ ಅನುಭವವನ್ನೆಲ್ಲ ಒಂದು ದೊಡ್ಡ ಗ್ರಂಥವಾಗಿ ತಂದರು.

ಜಾಗ ಸರಿಯಾಗಿ ಸಿಕ್ಕರೂ ಸಾಲದು ಅಂತ ತೋರಿಸಿಕೊಟ್ಟವರು ಅದೇ ಸಂಸ್ಥೆಯ ಬ್ರೆಂಡಾ ಮಿಲ್ನರ್. ಟೆಂಪೊರಲ್ ಲೋಬ್ ಆಪರೇಷನ್ ಆದ ರೋಗಿಗಳ ಪಕ್ಕದಲ್ಲಿ ಕೂತು ಅವರು ಸಣ್ಣ ಸಣ್ಣ ಪರೀಕ್ಷೆ ಮಾಡುತ್ತಿದ್ದರು. ಒಂದೇ ಬದಿಯ ಆಪರೇಷನ್ ಆದವರಲ್ಲಿ ಇಬ್ಬರಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಂತಾಯಿತು. ಇನ್ನೊಂದು ಬದಿ ಮೊದಲೇ ಹಾಳಾಗಿದ್ದಿರಬೇಕು ಅಂತ ಅವರು ಊಹಿಸಿದರು. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಸರ್ಜನ್, ಫಿಟ್ಸ್ ನಿಲ್ಲಿಸಲು ಹೆನ್ರಿ ಮೊಲೈಸನ್ ಎಂಬ ಯುವಕನ ಎರಡೂ ಬದಿಯ ಒಳಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಆಮೇಲೆ ಭೇಟಿಯಾದ ಯಾರ ಮುಖವೂ ಅವರಿಗೆ ನೆನಪಿನಲ್ಲಿ ಉಳಿಯಲಿಲ್ಲ. ಮಿಲ್ನರ್ ಈ ಮೊಲೈಸನ್ ಮುಂದೆ ಒಂದು ನಕ್ಷತ್ರದ ಚಿತ್ರ ಇಟ್ಟು, ಕೈ ಕಾಣದಂತೆ ಮರೆ ಮಾಡಿ, ಕನ್ನಡಿಯಲ್ಲಿ ನೋಡಿಕೊಂಡೇ ಅದರ ಅಂಚಿನ ಮೇಲೆ ಗೆರೆ ಎಳೆಯಲು ಹೇಳಿದರು. ಮೂರು ದಿನ ಮಾಡಿಸಿದರು. ದಿನದಿಂದ ದಿನಕ್ಕೆ ಕೈ ಸುಧಾರಿಸಿತು. ಹಿಂದೆ ಇದನ್ನು ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ. ಕೈ ಕಲಿಯುವುದಕ್ಕೂ ಮನಸ್ಸು ನೆನಪಿಡುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ದಾರಿ ಇದೆ ಅಂತ ಜಗತ್ತಿಗೆ ತಿಳಿದದ್ದು ಹೀಗೆ. ಒಬ್ಬ ಮನುಷ್ಯ ಅದಕ್ಕೆ ತೆತ್ತ ಬೆಲೆ ನೆನೆದರೆ ಸಂಕಟವಾಗುತ್ತದೆ.

ಜಾಸ್ಪರ್ ಮಾಡಿದ ಕೆಲಸಗಳಲ್ಲಿ ಇವತ್ತು ದಿನವೂ ಬಳಕೆಯಲ್ಲಿರುವುದು ತೀರಾ ಸರಳವಾದದ್ದು. ಬಿಲ್ಲೆಗಳನ್ನು ಎಲ್ಲಿ ಅಂಟಿಸಬೇಕು? ಒಂದೊಂದು ಲ್ಯಾಬ್ ಒಂದೊಂದು ಕಡೆ ಅಂಟಿಸಿದರೆ ಒಬ್ಬರ ದಾಖಲೆಯನ್ನು ಇನ್ನೊಬ್ಬರು ಹೋಲಿಸಲಾಗುವುದಿಲ್ಲ. ಸೆಂಟಿಮೀಟರ್ ಲೆಕ್ಕ ಹೇಳಿದರೆ ಮಗುವಿನ ತಲೆಗೂ ದೊಡ್ಡವರ ತಲೆಗೂ ಹೊಂದುವುದಿಲ್ಲ. ಜಾಸ್ಪರ್ ನೇತೃತ್ವದ ಅಂತರರಾಷ್ಟ್ರೀಯ ಸಮಿತಿ ಶೇಕಡಾ ಲೆಕ್ಕ ಹಿಡಿಯಿತು. ಮೂಗಿನ ಬುಡದ ಗುಳಿಯಿಂದ ತಲೆಯ ಹಿಂದಿನ ಉಬ್ಬು ಮೂಳೆಯ ತನಕ ಟೇಪ್ ಹಿಡಿಯಿರಿ. 36 ಸೆಂಟಿಮೀಟರ್ ಬಂತು ಅನ್ನೋಣ. ಮೂಗಿನ ಬುಡದಿಂದ ಶೇಕಡಾ 10, ಅಂದರೆ 3.6 ಸೆಂಟಿಮೀಟರ್ ಮೇಲೆ ಮೊದಲ ಗುರುತು. ಅಲ್ಲಿಂದ ಶೇಕಡಾ 20ರಂತೆ, 7.2 ಸೆಂಟಿಮೀಟರ್‌ಗೆ ಒಂದು, ನಾಲ್ಕು ಸಲ. ಕೊನೆಗೆ ಮತ್ತೆ ಶೇಕಡಾ 10 ಉಳಿಯುತ್ತದೆ. ಕಿವಿಯಿಂದ ಕಿವಿಗೂ ಹೀಗೆಯೇ. ಎಡಗಡೆಗೆ ಬೆಸ ಸಂಖ್ಯೆ, ಬಲಗಡೆಗೆ ಸರಿ ಸಂಖ್ಯೆ. 1958ರಲ್ಲಿ ಪ್ರಕಟವಾದ ಇದರ ಹೆಸರೇ ‘ಹತ್ತು-ಇಪ್ಪತ್ತು ಪದ್ಧತಿ’. ಇಇಜಿಗೆ ಹೋದಾಗ ಟೆಕ್ನಿಷಿಯನ್ ಟೇಪ್ ಹಿಡಿದು ತಲೆ ಅಳೆದು, ಬಣ್ಣದ ಪೆನ್ಸಿಲಿನಿಂದ ಚುಕ್ಕಿ ಇಡುವುದು ಇದಕ್ಕೇ.

ಒಂದು ಬಗೆಯ ಫಿಟ್ಸ್ ಮಾತ್ರ ‘ಎಲ್ಲಿಂದ’ ಅನ್ನುವ ಪ್ರಶ್ನೆಗೆ ಸಿಗುತ್ತಲೇ ಇರಲಿಲ್ಲ. ಮಗು ಏನೋ ಹೇಳುತ್ತಾ ಅರ್ಧಕ್ಕೆ ನಿಲ್ಲಿಸುತ್ತದೆ, ಹತ್ತು ಸೆಕೆಂಡು ಸುಮ್ನೆ ದಿಟ್ಟಿಸುತ್ತದೆ, ಮತ್ತೆ ಮಾತು ಮುಂದುವರಿಸುತ್ತದೆ. ಗಮನ ಇಲ್ಲ ಅಂತ ಬೈಸಿಕೊಳ್ಳುವ ಮಕ್ಕಳಲ್ಲಿ ಕೆಲವರಿಗೆ ಇರುವುದು ಇದೇ. 1935ರಲ್ಲಿ ಬಾಸ್ಟನ್‌ನಲ್ಲಿ ಫ್ರೆಡರಿಕ್ ಗಿಬ್ಸ್, ಹ್ಯಾಲೊವೆಲ್ ಡೇವಿಸ್, ವಿಲಿಯಂ ಲೆನಾಕ್ಸ್ ಇಂಥ ಮಕ್ಕಳ ಇಇಜಿ ನೋಡಿದಾಗ, ಒಂದು ಮೊನೆ ಒಂದು ಅಲೆ, ಸೆಕೆಂಡಿಗೆ ಮೂರರಂತೆ, ಇಡೀ ತಲೆಯಲ್ಲಿ ಒಮ್ಮೆಗೇ ಬರುತ್ತಿತ್ತು. ಎಡ ಬಲ ಎರಡೂ ಒಂದೇ ಕ್ಷಣಕ್ಕೆ ಶುರು. ಹಾಗಾದರೆ ಎರಡಕ್ಕೂ ನಡುವೆ, ಆಳದಲ್ಲಿ ಒಂದು ಮೂಲ ಇರಬೇಕು ಅಂತ ಜಾಸ್ಪರ್ ಮತ್ತು ಪೆನ್‌ಫೀಲ್ಡ್ ಊಹಿಸಿದರು. 1940ರ ದಶಕದಲ್ಲಿ ಜಾಸ್ಪರ್ ಮತ್ತು ಯಾನ್ ಡ್ರೂಗ್‌ಲೇವರ್ ಫೋರ್ಟೈನ್ ಬೆಕ್ಕಿನ ಮಿದುಳಿನ ನಡುವಿರುವ ಥಲಾಮಸ್ ಭಾಗಕ್ಕೆ ಸೆಕೆಂಡಿಗೆ ಮೂರರಂತೆ ವಿದ್ಯುತ್ ಕೊಟ್ಟರು. ಎರಡೂ ಕಡೆ ಅದೇ ಮೊನೆ, ಅದೇ ಅಲೆ ಬಂತು.

ಉತ್ತರ ಸಿಕ್ಕಿತು ಅನ್ನುವ ಹಾಗಿತ್ತು. ಅದನ್ನು ತಿದ್ದಿದ್ದು ಹೊರಗಿನವರಲ್ಲ, ಅದೇ ಸಂಸ್ಥೆಯ ಪಿಯರ್ ಗ್ಲೂರ್. ಬೆಕ್ಕಿನ ಮಿದುಳಿನ ಮೇಲ್ಪದರಕ್ಕೆ ತೆಳುವಾಗಿ ಪೆನ್ಸಿಲಿನ್ ಸವರಿದರೆ ಈ ಅಲೆಗಳು ಬರುತ್ತಿದ್ದವು, ಥಲಾಮಸ್‌ಗೆ ಚುಚ್ಚಿದರೆ ಬರುತ್ತಿರಲಿಲ್ಲ. ಅಂದರೆ ಆಳದ ಥಲಾಮಸ್ ತಾಳ ಹಾಕುತ್ತದೆ ನಿಜ, ಆದರೆ ಮೇಲ್ಪದರ ಮೊದಲೇ ಕೆರಳಿದ್ದರೆ ಮಾತ್ರ ಆ ತಾಳ ಫಿಟ್ಸ್ ಆಗುತ್ತದೆ. ಇಬ್ಬರ ನಡುವೆ ಚೆಂಡು ಹೋಗಿ ಬರುವ ಹಾಗೆ ಸಂದೇಶ ಸುತ್ತುತ್ತದೆ. ಒಂದು ಬಿಂದುವನ್ನು ತೋರಿಸಿ ‘ಇಲ್ಲೇ’ ಅನ್ನುವುದು ಈ ಬಗೆಯ ಫಿಟ್ಸ್‌ನಲ್ಲಿ ಆಗದ ಮಾತು.

ಪೆನ್ಸಿಲಿನ್ ಯಾಕೆ ಅಂತ ಕೇಳುತ್ತೀರಲ್ವಾ? ನೇರವಾಗಿ ಮಿದುಳಿಗೆ ತಗುಲಿದರೆ ಅದು ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ಬರುತ್ತದೆ. ಮೊದಲು ಹೇಳಿದ ‘ತಡಿ’ ಅನ್ನುವ ದನಿ ಇದೆಯಲ್ಲ, ಅದರ ಮುಖ್ಯ ರಾಸಾಯನಿಕವೇ ಗಾಬಾ. ಆ ಕಥೆಯ ಒಂದು ತುಂಡೂ ಮಾಂಟ್ರಿಯಲ್‌ನದೇ. ದನದ ಮಿದುಳಿನಿಂದ ತೆಗೆದ, ನರಕೋಶಗಳ ಮಿಡಿತ ನಿಲ್ಲಿಸುವ ಒಂದು ಗುರುತಿಲ್ಲದ ವಸ್ತುವನ್ನು ಅರ್ನ್ಸ್ಟ್ ಫ್ಲೋರಿ ಹಿಡಿದಿದ್ದರು. ಅದರ ಅಸಲಿ ಹೆಸರು ಗಾಬಾ ಅಂತ 1957ರಲ್ಲಿ ಅವರು, ಆಲ್ವಾ ಬೇಜ್‌ಮೋರ್ ಮತ್ತು ಕೆ.ಎ.ಸಿ. ಎಲಿಯಟ್ ಅಲ್ಲಿ ತೋರಿಸಿದರು. ಎಲಿಯಟ್ ಜೊತೆ ಸೇರಿ ಜಾಸ್ಪರ್ ಕೂಡ 1960ರ ದಶಕದಲ್ಲಿ ಪ್ರಾಣಿಗಳ ಮಿದುಳಿನ ಮೇಲ್ಪದರದಿಂದ ಒಸರುವ ದ್ರವದಲ್ಲಿ ಇಂಥ ರಾಸಾಯನಿಕಗಳನ್ನು ಅಳೆದರು, ನಿದ್ದೆ ಎಚ್ಚರಗಳಿಗೆ ತಕ್ಕಂತೆ ಅವು ಹೇಗೆ ಬದಲಾಗುತ್ತವೆ ಅಂತ ನೋಡಿದರು. ನಿಲ್ಲದ ಫಿಟ್ಸ್‌ಗೆ ತುರ್ತಾಗಿ ಕೊಡುವ ಡಯಾಜಿಪಾಮ್, ಲೊರಾಜಿಪಾಮ್ ತರದ ಔಷಧಿಗಳು ಮಾಡುವುದು ಇಷ್ಟೇ: ಗಾಬಾದ ದನಿಯನ್ನು ಗಟ್ಟಿ ಮಾಡುತ್ತವೆ.

ಇದರ ನಡುವೆ ಎಚ್ಚರವಾಗಿರುವ ಕೋತಿಯ ಮಿದುಳಿನಲ್ಲಿ ಒಂದೊಂದೇ ನರಕೋಶದ ಮಿಡಿತ ಹಿಡಿಯುವ ಕೆಲಸವನ್ನೂ ಜಾಸ್ಪರ್ 1950ರ ದಶಕದಲ್ಲಿ ಮಾಡಿದರು. ಮುಂದೆ 1981ರಲ್ಲಿ ನೊಬೆಲ್ ಪಡೆದ ಡೇವಿಡ್ ಹ್ಯೂಬೆಲ್ ಅವರ ಕೈಕೆಳಗೆ ಇಇಜಿ ಕಲಿತವರು. 1961ರಲ್ಲಿ ಅಂತರರಾಷ್ಟ್ರೀಯ ಮಿದುಳು ಸಂಶೋಧನಾ ಸಂಘಟನೆ ಶುರುವಾದಾಗ ಅದರ ಮೊದಲ ಕಾರ್ಯನಿರ್ವಾಹಕ ಕಾರ್ಯದರ್ಶಿ ಇವರೇ. ಶೀತಲ ಸಮರದ ದಿನಗಳಲ್ಲಿ ಪೂರ್ವ ಪಶ್ಚಿಮದ ವಿಜ್ಞಾನಿಗಳನ್ನು ಒಂದೇ ಮೇಜಿಗೆ ಕೂರಿಸಿದ ಕೆಲಸ ಅದು. ಆ ದಶಕದಲ್ಲೇ ಮಾಂಟ್ರಿಯಲ್ ವಿಶ್ವವಿದ್ಯಾಲಯಕ್ಕೆ ಹೋದರು. 1999ರಲ್ಲಿ ತೀರಿಕೊಂಡರು.

ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆ ರೋಗ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸರಿಯಾದ ಔಷಧಿ ಸಿಕ್ಕರೆ ಅವರಲ್ಲಿ ಶೇಕಡಾ 70ರಷ್ಟು ಜನ ಫಿಟ್ಸ್ ಇಲ್ಲದೆ ಬದುಕಬಹುದು. ಔಷಧಿಗೆ ಬಗ್ಗದ ಉಳಿದವರಿಗೆ ‘ಎಲ್ಲಿಂದ’ ಅನ್ನುವ ಪ್ರಶ್ನೆ ಇವತ್ತಿಗೂ ಜೀವಂತ. ಈಗ ಬುರುಡೆಯಲ್ಲಿ ಸಣ್ಣ ತೂತು ಕೊರೆದು, ತೆಳ್ಳಗಿನ ಎಲೆಕ್ಟ್ರೋಡ್‌ಗಳನ್ನು ಆಳಕ್ಕೆ ಇಳಿಸಿ ದಿನಗಟ್ಟಲೆ ದಾಖಲಿಸುತ್ತಾರೆ. ಪ್ಯಾರಿಸ್‌ನಲ್ಲಿ ಜಾನ್ ತಲೈರಾಕ್ ಮತ್ತು ಜಾನ್ ಬಾಂಕೊ ರೂಪಿಸಿದ ವಿಧಾನ ಇದು. ವೈದ್ಯರು ಹುಡುಕುವುದು ಒಂದು ಚುಕ್ಕಿಯನ್ನು ಮಾತ್ರ ಅಲ್ಲ. ಯಾವ ಜಾಗ ಯಾವ ಜಾಗವನ್ನು, ಎಷ್ಟು ಹೊತ್ತಿಗೆ ಎಳೆದುಕೊಂಡಿತು ಅಂತ ಇಡೀ ಜಾಲವನ್ನೇ ನೋಡುತ್ತಾರೆ.

ಹೀಗೆ ದಾಖಲಿಸುವ ವಾರ್ಡಿನಲ್ಲಿ ರೋಗಿಯ ಔಷಧಿ ಕಡಿಮೆ ಮಾಡಿ, ಫಿಟ್ಸ್ ಬರಲಿ ಅಂತ ಕಾಯುತ್ತಾರೆ. ಕೈಯಲ್ಲಿ ಒಂದು ಬಟನ್, ಎದುರಿಗೆ ಕ್ಯಾಮೆರಾ. ಶುರುವಾಯಿತು ಅನ್ನಿಸಿದರೆ ಒತ್ತಬೇಕು. ನರ್ಸ್ ಓಡಿ ಬಂದು ಹೆಸರು ಕೇಳುತ್ತಾರೆ, ಕೈ ಎತ್ತಲು ಹೇಳುತ್ತಾರೆ, ನೆನಪಿಟ್ಟುಕೊಳ್ಳಿ ಅಂತ ಒಂದು ಪದ ಹೇಳುತ್ತಾರೆ. ಎಲ್ಲ ಶಾಂತವಾದ ಮೇಲೆ ಆ ಪದ ಯಾವುದು ಅಂತ ಕೇಳುತ್ತಾರೆ. ಆಮೇಲೆ ಜಾಕ್ಸನ್ ಕಾಲದಿಂದ ಕೇಳುತ್ತಾ ಬಂದದ್ದನ್ನೇ ಕೇಳುತ್ತಾರೆ: ಮೊಟ್ಟಮೊದಲು ನಿಮಗೆ ಏನನ್ನಿಸಿತು?